ಮೂರನೆಯ ‘ಮತ್ತ?’

ಹೋದ ಮಂಗಳವಾರ ಸಂಜೆ ರಾಮದುರ್ಗದ ಕಡೆಯಿಂದ ಒಂದು ಫೋನು ಬಂತು. ಗಣತಿ ಮಾಸ್ತರರ ಮನೆಯವರು. “ಮಧ್ಯಾಹ್ನ ಉಂಡು ಅಡ್ಡಾಗಿದ್ರವಾ. ಚಾಕ್ಕ ಎಬ್ಬಸಾಕ ಹೋದ್ರ ಏಳಲೇ ಇಲ್ಲ” ಎಂದರು. ನಾನು “ನೀವು ಹೆಂಗದೀರಿ?” ಎಂದು ಕೇಳಿಬಿಟ್ಟೆ. “ನಾ ಆರಾಮ ಅದೀನಿ, ನೀ ಏನ್ ಕಾಳಜಿ ಮಾಡಬ್ಯಾಡ” ಎಂದು ಅವರೇ ನನಗೆ ಸಮಾಧಾನ ಹೇಳಿ ಫೋನು ಇಟ್ಟರು.

ನಾನು ಆಗ ಬೀದರಿನಲ್ಲಿದ್ದೆ. ಮರುದಿನ ಬೆಳಿಗ್ಗೆಯೇ ಮಣ್ಣು ಮುಗಿಸಿದರಂತೆ. ನಮ್ಮ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿದರು, ಒಬ್ಬ ಮಹಾನುಭಾವ ಅವಸರದಲ್ಲಿ ಹೆಬ್ಬೆರಳು ಎತ್ತಿ, ಆಮೇಲೆ ಅಳಿಸಿದ. ಮಾಸ್ತರರು ಇದ್ದಿದ್ದರೆ ಅದನ್ನು ನೋಡಿ ಒಂದು ವಾರ ನಗುತ್ತಿದ್ದರು.

ಅವರು ಯಾವ ಸಾಲಿಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತು ವರ್ಷ ಈ ಭಾಗದಲ್ಲಿ ಯಾವ ಗಣತಿ ಬಂದರೂ, ಯಾವ ಸರ್ವೆ ಬಂದರೂ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಮನೆಮನೆ ತಿರುಗಿದವರು. ಮಂದಿ ಎಣಿಸಿದ್ದರು, ದನ ಎಣಿಸಿದ್ದರು, ಬಾವಿ ಎಣಿಸಿದ್ದರು, ಪಾಯಖಾನೆ ಎಣಿಸಿದ್ದರು. ಕೈಯಲ್ಲಿ ರಟ್ಟು ಮತ್ತು ಪೆನ್ನು ಇದ್ದವರೆಲ್ಲ ನಮ್ಮ ಕಡೆ ಮಾಸ್ತರರೇ ಆದ್ದರಿಂದ ಇವರು ಗಣತಿ ಮಾಸ್ತರ ಆದರು. ಅವರು ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕುಂತವರು ಕೇಳುತ್ತಿದ್ದ ಮೊದಲ ಮಾತು, “ಏನ್ ಮಾಸ್ತರ, ಈ ಸಲ ದನದ್ದೋ ಮಂದೀದೋ?” “ಮಂದೀದ್ರಿ” ಎಂದರೆ, “ಹಂಗಾರ ತಡೀರಿ, ಅಂಗಿ ಹಾಕ್ಕೊಂಡ ಬರತೇನಿ” ಎಂದು ಒಳಗೆ ಹೋಗುತ್ತಿದ್ದರು.

ಎತ್ತರದ ಆಳು, ತೆಳ್ಳಗೆ. ಬಿಳಿಯ ಅರ್ಧ ತೋಳಿನ ಅಂಗಿ. ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದು ಬರೆಯಲು, ಇನ್ನೊಂದು “ಒಂಚೂರು ಪೆನ್ ಕೊಡ್ರಿ” ಎಂದು ಕೇಳಿದವರಿಗೆ ಕೊಡಲು. ಈ ಎರಡನೆಯದರಲ್ಲಿ ಶಾಯಿ ಇರುತ್ತಿರಲಿಲ್ಲ. ಅದು ಮಾತ್ರ ಪ್ರತಿ ಸಲವೂ ತಪ್ಪದೆ ವಾಪಸು ಬರುತ್ತಿತ್ತು.

ನಾನು ಅವರನ್ನು ಕಂಡದ್ದು ಬೈಲಹೊಂಗಲದಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿದ್ದ ನಮ್ಮ ಆಫೀಸಿನಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಕಡೆ ಒಂದು ಅಧ್ಯಯನ ನಡೆದಿತ್ತು. ಜನರ ಆರೋಗ್ಯ, ಅವರ ದುಡಿಮೆ, ಬಾಳಿನಲ್ಲಿ ಅವರಿಗೆ ಸಿಕ್ಕ ಯಶಸ್ಸು, ಈ ಮೂರಕ್ಕೂ ಒಂದಕ್ಕೊಂದು ಏನು ಸಂಬಂಧ ಎಂದು ಕಂಡುಹಿಡಿಯುವುದು. ಕೇಳುವವರಿಗೆಲ್ಲ ಒಂದೊಂದು ಟ್ಯಾಬ್ ಕೊಟ್ಟಿದ್ದರು. ನನ್ನದು ತಪಾಸಣಾಧಿಕಾರಿ ಹುದ್ದೆ. ಅಂದರೆ ಇವರು ಹೋಗಿಬಂದ ಕೆಲವು ಮನೆಗಳಿಗೆ ನಾನು ಜೀಪಿನಲ್ಲಿ ಹೋಗಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಉತ್ತರ ತಾಳೆಯಾಗುತ್ತದೋ ಇಲ್ಲವೋ ನೋಡಬೇಕು. ಧಾರವಾಡದಲ್ಲಿ ಎಂ.ಎ. ಮಾಡಿದ ಸೊಕ್ಕು ಒಂದು ಕಡೆ, ಜೀಪಿನ ಸೊಕ್ಕು ಇನ್ನೊಂದು ಕಡೆ. ಸಿಟ್ಟಂತೂ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿತ್ತು.

ಪ್ರಶ್ನೆಗಳನ್ನು ಬರೆದವರು ಯಾರೋ ಪುಣ್ಯಾತ್ಮರು. ಅವರು ನಮ್ಮ ಕಡೆಯ ಬಿಸಿಲು ಕಂಡಿರಲಿಕ್ಕಿಲ್ಲ. ‘ನೀವು ದಿನಾಲೂ ವ್ಯಾಯಾಮ ಮಾಡುತ್ತೀರಾ?’ ಎಂದು ಒಂದು ಪ್ರಶ್ನೆ. ಚಚಡಿಯಲ್ಲಿ ಬೆಳಗಿನಿಂದ ಜೋಳದ ಹೊಲದಲ್ಲಿ ಎಡೆ ಹೊಡೆದು ಬೆವರಿಳಿಸಿಕೊಂಡು ಬಂದ ಗೌಡರೊಬ್ಬರು ಎರಡು ತಂಬಿಗೆ ನೀರು ಕುಡಿದು, ಭಾಳ ವಿಚಾರ ಮಾಡಿ, “ಇಲ್ರಿ, ಟೈಮ್ ಎಲ್ಲೈತಿ” ಎಂದರು. ನಾನು ‘ಇಲ್ಲ’ ಒತ್ತಿದೆ. ಟ್ಯಾಬ್ ತಾನಾಗಿಯೇ, ‘ವ್ಯಾಯಾಮದ ಮಹತ್ವವನ್ನು ತಿಳಿಸಿ’ ಎಂದು ತೋರಿಸಿತು. ಆ ಮನುಷ್ಯನಿಗೆ ನಾನು ದಿನಾ ಅರ್ಧ ತಾಸು ಚುರುಕಾಗಿ ನಡೆಯಬೇಕು ಎಂದು ಹೇಳಿದೆ. ಅವರು ಹೌದ್ರಿ ಹೌದ್ರಿ ಎಂದು ಗೋಣು ಹಾಕಿ ಮತ್ತೆ ಹೊಲಕ್ಕೆ ಹೋದರು.

ಇನ್ನೊಂದು ಏಣಿಯ ಪ್ರಶ್ನೆ. ಹತ್ತು ಮೆಟ್ಟಿಲಿನ ಏಣಿಯ ಚಿತ್ರ ತೋರಿಸಿ, ‘ಬಾಳಿನಲ್ಲಿ ನೀವು ಎಷ್ಟನೆಯ ಮೆಟ್ಟಿಲಿನ ಮೇಲೆ ಇದ್ದೀರಿ?’ ಎಂದು ಕೇಳಬೇಕು. ದೊಡವಾಡದಲ್ಲಿ ಒಬ್ಬರು, “ನಮ್ಮ ಬದುವಿನಾಂವ ಎಷ್ಟ ಹೇಳ್ಯಾನ?” ಎಂದು ಕೇಳಿದರು. ಅದನ್ನು ಹೇಳುವಂತಿಲ್ಲ ಎಂದೆ. “ಎಷ್ಟರ ಹೇಳಿರವಲ್ಲನ್ಯಾಕ, ನಂದು ಅವಗಿಂತ ಒಂದು ಮ್ಯಾಲ ಹಾಕ್ರಿ” ಎಂದರು. ಇನ್ನೊಬ್ಬ ಅಜ್ಜ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಕೆಳಗ ಏಣಿ ಹಿಡಕೊಂಡಾವ್ರು ಯಾರೂ ಕಾಣವಲ್ರು. ನಾ ಏರೂದಿಲ್ಲವಾ” ಎಂದುಬಿಟ್ಟ. ಅದಕ್ಕೆ ಟ್ಯಾಬಿನಲ್ಲಿ ಜಾಗವೇ ಇರಲಿಲ್ಲ.

ಕಿತ್ತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸೊಂಟದ ಸುತ್ತಳತೆ ತೆಗೆದುಕೊಳ್ಳುವ ಕೆಲಸವಿತ್ತು. ಅದಕ್ಕೆ ಹೆಂಗಸೇ ಬೇಕಲ್ಲ, ಮಾಸ್ತರರ ಜೋಡಿ ನನ್ನನ್ನು ಕಳಿಸಿದರು. ನಾನು ಟೇಪು ಹಿಡಿದು ಮೊದಲ ಮನೆಯಲ್ಲಿ ಅಳತೆ ತೆಗೆದದ್ದೇ ತಡ, ಸರ್ಕಾರದಿಂದ ಪುಕ್ಕಟೆ ಜಂಪರು ಹೊಲಿದು ಕೊಡುತ್ತಾರೆ ಎಂದು ಓಣಿಯೆಲ್ಲ ಸುದ್ದಿಯಾಯಿತು. ಪಟ್ಟಿಯಲ್ಲಿ ಹೆಸರೇ ಇಲ್ಲದವರು ಖಣ ಹಿಡಿದುಕೊಂಡು ಸಾಲು ನಿಂತರು. ಒಬ್ಬಾಕೆ, “ತೋಳು ಸಣ್ಣೂ ಇಡಬ್ಯಾಡ್ರಿ ಬಾಯಾರ, ಹ್ವಾದ ಸಲ ಬಿಗಿ ಆಗಿದ್ವು” ಎಂದಳು. ಹೋದ ಸಲ ಯಾರು ಹೊಲಿದುಕೊಟ್ಟಿದ್ದರೋ ದೇವರಿಗೇ ಗೊತ್ತು. ನಾನು ಕೆಂಡವಾದೆ. ಮಾಸ್ತರರು ಎದ್ದುನಿಂತು, “ತಂಗೆವ್ವಾ, ಅಳತಿ ಅಷ್ಟ ನಮ್ದು, ಹೊಲಿಗಿ ನಿಮ್ದು. ಚೀಟಿ ಬರದು ಕೊಡತೇನಿ, ದರ್ಜಿಗೆ ತೋರಸ್ರಿ” ಎಂದು ನನ್ನ ಕೈಯಿಂದ ಅಳೆಯಿಸಿ ಎಲ್ಲರಿಗೂ ಚೀಟಿ ಬರೆದು ಕೊಟ್ಟರು. ಬಂದವರೆಲ್ಲ ಖುಷಿಯಿಂದ ಹೋದರು. ಪಟ್ಟಿಯಲ್ಲಿದ್ದವರು ಆಮೇಲೆ ನಾವು ಕೇಳಿದ್ದಕ್ಕೆಲ್ಲ ಕುಂತು ಉತ್ತರ ಕೊಟ್ಟರು.

ಮಾಸ್ತರರ ಕೆಲಸದ ರೀತಿಯೇ ಬೇರೆ. ಚಹಾ ಬರುವ ತನಕ ಅವರು ಪ್ರಶ್ನೆಗೆ ಕೈ ಹಾಕುತ್ತಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದುಂಟೇ? ಅವರೂ ಯಾರ ಮನೆಯಲ್ಲೂ ಒಲ್ಲೆ ಎನ್ನುತ್ತಿರಲಿಲ್ಲ. “ಅರ್ಧಾ ಕಪ್ ಹಾಕ್ರಿ” ಎಂದು ಬಸಿಗೆ ಸುರುವಿಕೊಂಡು, ಸುರ್ರ್ ಎಂದು ಎಳೆಯುತ್ತ ಕೂಡುತ್ತಿದ್ದರು. ಟ್ಯಾಬು ಚೀಲದ ತಳದಲ್ಲಿ ಮಲಗಿರುತ್ತಿತ್ತು. “ಆ ಪಾಟಿ ಹೊರಗ ತಗದ್ವಿ ಅಂದ್ರ ಮಂದಿ ನಮ್ಮ ಮಾರಿ ನೋಡೂದು ಬಿಟ್ಟು ಪಾಟಿ ನೋಡಿ ಮಾತಾಡತಾರ್ರಿ. ಪಾಟಿಗೆ ಯಾರರ ಖರೇ ಹೇಳತಾರೇನು?” ಎನ್ನುತ್ತಿದ್ದರು. ಉತ್ತರಗಳನ್ನು ತಲೆಯಲ್ಲಿ ಇಟ್ಟುಕೊಂಡು ಹೊರಬಿದ್ದು, ಒಂದು ಹಳೆಯ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕುಂತು ಎಲ್ಲವನ್ನೂ ಟ್ಯಾಬಿಗೆ ತುಂಬುತ್ತಿದ್ದರು.

ಹೆಣ್ಣುಮಕ್ಕಳಿಗೆ ‘ನೀವು ಕೆಲಸ ಮಾಡುತ್ತೀರಾ?’ ಎಂದು ಅವರು ಎಂದೂ ಕೇಳಿದ್ದಿಲ್ಲ. ಕೇಳಿದರೆ ಗಂಡ ಮುಂದೆ ಬಂದು, “ಆಕೀಗೇನ್ ಕೆಲಸರಿ, ಮನ್ಯಾಗ ಕುಂತಿರತಾಳ” ಎನ್ನುವವನು. ಮಾಸ್ತರರು ಆ ಗಂಡನನ್ನೇ ಹಿಡಿಯುತ್ತಿದ್ದರು. “ಹೌದ್ ಬಿಡ್ರಿ. ಮುಂಜಾನೆ ನಿಮಗ ಚಾ ಯಾರು ಕೊಟ್ರು? ಎಮ್ಮಿ ಯಾರು ಹಿಂಡಿದ್ರು? ಬುತ್ತಿ ಯಾರು ಕಟ್ಟಿದ್ರು? ಹತ್ತಿ ಬಿಡಸಾಕ ಯಾರು ಹೋಗಿದ್ರು?” ಗಂಡ ಪ್ರತಿಯೊಂದಕ್ಕೂ “ಆಕೀನ್ರಿ” ಎನ್ನುತ್ತ ಹೋಗಿ, ಎಂಟನೆಯದೋ ಒಂಬತ್ತನೆಯದೋ ಪ್ರಶ್ನೆಗೆ ಬಾಯಿ ಮುಚ್ಚುತ್ತಿದ್ದ. ಮಾಸ್ತರರು ತಾಸು ಲೆಕ್ಕ ಹಾಕಿ ಹದಿನಾಲ್ಕು ಎಂದು ಬರೆದುಕೊಳ್ಳುತ್ತಿದ್ದರು. ಒಳಗಿನಿಂದ ಬಸಿಯಲ್ಲಿ ಇನ್ನೊಂದು ಸುತ್ತು ಚಹಾ ಬರುತ್ತಿತ್ತು, ಈ ಸಲ ಏಲಕ್ಕಿ ಹಾಕಿದ್ದು.

ಬೇರೆಯವರು ದಿನಕ್ಕೆ ಹತ್ತು ಹನ್ನೆರಡು ಮನೆ ಮುಗಿಸಿದರೆ ಇವರದು ಮೂರು. ಇವರ ಈ ರೀತಿ ನನಗೆ ಪೂರ್ತಿ ತಿಳಿದದ್ದು ಆಮೇಲೆ, ಆಗ ಬರೀ ಅನುಮಾನವಿತ್ತು. ಒಂದು ದಿನ ಆಫೀಸಿನ ಕಂಪ್ಯೂಟರಿನಲ್ಲಿ ನಕಾಶೆ ತೆಗೆದು ನೋಡಿದೆ. ಯಾವ ಫಾರ್ಮು ಯಾವ ಜಾಗದಲ್ಲಿ ತುಂಬಿದ್ದು ಎಂದು ಟ್ಯಾಬು ಚುಕ್ಕಿ ಇಟ್ಟು ತೋರಿಸುತ್ತದೆ. ಉಳಿದವರ ಚುಕ್ಕಿಗಳು ಊರತುಂಬ ಹರಡಿದ್ದವು. ರಾಮದುರ್ಗದ ಕಡೆಯ ಸುರೇಬಾನ ಊರಿನಲ್ಲಿ ಮಾಸ್ತರರ ಅಷ್ಟೂ ಚುಕ್ಕಿಗಳು ಬಸ್ ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಸಿಕ್ಕಿಬಿದ್ದ ಮುದುಕ ಎಂದುಕೊಂಡೆ.

ಜೀಪು ಹತ್ತಿ ಸುರೇಬಾನಕ್ಕೆ ಹೋದೆ. ಒಂದೇ ದಿನದಲ್ಲಿ ಅವರು ಬರೆದ ಹದಿನಾಲ್ಕು ಮನೆ ತಿರುಗಿದೆ. ಹನ್ನೊಂದು ಮನೆಗಳಲ್ಲಿ ಉತ್ತರ ತಾಳೆಯಾಗಲಿಲ್ಲ. ಕೌದಿ ಹೊಲಿಯುವ ಒಬ್ಬ ಆಯಿ ಇದ್ದಳು. ಮಾಸ್ತರರ ಫಾರ್ಮಿನಲ್ಲಿ ಅವಳಿಗೆ ಮೊಣಕಾಲು ನೋವು, ನಡೆದರೆ ದಮ್ಮು, ಅಡ್ಡಾದರೆ ಎದೆ ಭಾರ ಎಂದೆಲ್ಲ ಇತ್ತು. ನಾನು ಬಾಗಿಲಲ್ಲೇ ನಿಂತು, “ಆಯಿ, ಆರೋಗ್ಯ ಹೆಂಗೈತಿ?” ಎಂದೆ. ಅವಳು ಸೂಜಿಯಿಂದ ಕಣ್ಣೆತ್ತಿ, “ಆರಾಮ ಅದೀನವಾ. ಬಾ, ಕುಂದರು, ಚಾ ಇಡತೇನಿ” ಎಂದಳು. ಟೈಮಿಲ್ಲ ಆಯಿ ಎಂದೆ. ಎದೆ ನೋವು? “ಏನಿಲ್ಲ.” ಮೊಣಕಾಲು? “ಏನಿಲ್ಲ.” ನಿದ್ದೆ? “ಬೇಷ್ ಬರತೈತಿ.” ನಾಲ್ಕು ನಿಮಿಷದಲ್ಲಿ ಮುಗಿಯಿತು. ಎಲ್ಲ ಮನೆಯಲ್ಲೂ ಇದೇ ಆರಾಮ.

ಆವತ್ತೇ ಕುಂತು ಜಬರದಸ್ತ್ ವರದಿ ಬರೆದೆ. ‘ಸದರಿ ಇವರು ಮನೆಗಳಿಗೆ ಭೇಟಿ ನೀಡದೆ ಬಸ್ ನಿಲ್ದಾಣದಲ್ಲಿ ಕುಳಿತು ಕಾಲ್ಪನಿಕ ಉತ್ತರಗಳನ್ನು ತುಂಬಿರುತ್ತಾರೆ.’ ಕಾಲ್ಪನಿಕ ಎಂಬ ಶಬ್ದದ ಕೆಳಗೆ ಗೆರೆಯನ್ನೂ ಎಳೆದೆ. ನಮ್ಮ ಆಫೀಸಿನ ದೊಡ್ಡ ಸಾಹೇಬರು ಒಂದು ಸೋಮವಾರ ನನ್ನ ವರದಿಯ ಪ್ರತಿಯನ್ನೂ ಹಚ್ಚಿ ನೋಟಿಸು ಕೊಟ್ಟರು. ಮಾಸ್ತರರು ಸರಿಯಾದ ಉತ್ತರ ಕೊಡದಿದ್ದರೆ ಅವರ ಎಲ್ಲ ಫಾರ್ಮುಗಳು ರದ್ದು, ಅವರನ್ನು ತೆಗೆದುಹಾಕುವುದು, ಮತ್ತು ಇನ್ನು ಮುಂದೆ ಯಾವ ಸರ್ವೆಗೂ ಕರೆಯಬಾರದು ಎಂದು ನಾಲ್ಕೂ ತಾಲೂಕಿನ ಕಚೇರಿಗಳಿಗೆ ಪತ್ರ ಬರೆಯುವುದು.

ಮಾಸ್ತರರು ಮರುದಿನ ಆಫೀಸಿಗೆ ಬಂದರು. ಕೂಗಾಡುತ್ತಾರೆ ಎಂದು ನಾನು ಸೆರಗು ಬಿಗಿದು ಕುಂತಿದ್ದೆ. ಅವರು ಕೊಡೆಯನ್ನು ಮೂಲೆಗೆ ಆನಿಸಿ, ನನ್ನ ವರದಿಯನ್ನು ಮತ್ತೆ ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಬಾಯಾರ, ಹದಿನಾಕು ಮನಿ ಅಡ್ಡಾಡೀರಿ. ಎಷ್ಟ ಮನ್ಯಾಗ ಚಾ ಕುಡದ್ರಿ?”

“ನಾನು ತಪಾಸಣೆಗೆ ಹೋಗಿದ್ದೆ, ಚಹಾ ಕುಡಿಯೋಕಲ್ಲ.”

“ಅಷ್ಟರಿ” ಎಂದರು. ಆಮೇಲೆ, “ಬರದು ಕೊಡೂದು ಏನಿಲ್ರಿ ನಂದು. ಒಂದ ದಿನ ನನ್ ಜೋಡಿ ಆ ಆಯಿ ಮನಿಗಿ ಬರ್ರಿ. ಜೀಪ್ ಬ್ಯಾಡ, ಬಸ್ಸಿಗಿ ಹೋಗೂಣು. ಆಮ್ಯಾಲ ನೀವು ಏನ್ ಬರದ್ರೂ ಸೈ” ಎಂದರು.

ನಾನು ಕೂಡಲೇ ಒಪ್ಪಲಿಲ್ಲ. ಆ ಕೆಲಸ ಈ ಕೆಲಸ ಎಂದು ಮುಂದಿನ ವಾರದ ಶುಕ್ರವಾರದ ತನಕ ಎಳೆದೆ. ಖರೇ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಅವರ ನೆನಪೂ ಆಗಲಿಲ್ಲ.

ಶುಕ್ರವಾರ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ನಾನೊಂದು ಕರಾರು ಹಾಕಿದೆ. ಅವರು ಆಯಿಯ ಜೋಡಿ ಒಂದು ಮಾತೂ ಆಡಬಾರದು. ಅವರೇ ಹೇಳಿಕೊಟ್ಟು ಹೇಳಿಸಿದರೆ ನನಗೆ ಹೇಗೆ ತಿಳಿಯಬೇಕು? “ಆತ್ರಿ. ನಾ ಹೊರಗ ಬೇವಿನ ಗಿಡದ ಕೆಳಗ ಕೂಡತೇನಿ. ನೀವ ಕೇಳ್ರಿ. ಆದ್ರ ನಾ ಹೇಳಿದಂಗ ಕೇಳಬೇಕು” ಎಂದರು.

“ಹೆಂಗ?”

“ಆರಾಮ ಅದೀರೇನು ಅಂತ ಕೇಳ್ರಿ. ಆರಾಮ ಅಂತಾರ. ಅದು ಉತ್ತರಲ್ರಿ, ಅದು ಬಾಗಲಾ. ಅಲ್ಲೇ ನಿಂತು ವಾಪಸ್ ಬರಬ್ಯಾಡ್ರಿ. ಚಾ ಕುಡೀರಿ. ‘ಮತ್ತ?’ ಅನ್ರಿ. ಏನಿಲ್ಲ ಅಂತಾರ. ಸುಮ್ನ ಕುಂದರ್ರಿ. ಇನ್ನೊಮ್ಮಿ ‘ಮತ್ತ?’ ಅನ್ರಿ. ಎಮ್ಮಿದು ಸೊಸಿದು ಹೇಳತಾರ. ಕೇಳ್ರಿ. ಮೂರನೇ ಸಲ ‘ಮತ್ತ?’ ಅಂದಾಗ ಬರತೈತಿ ನೋಡ್ರಿ, ಅದನ್ನ ಬರಕೋರಿ.”

ಮತ್ತ, ನಮ್ಮ ಕಡೆ ಮಾತು ಮುಗಿದಾಗಲೂ ಮುಗಿಯದಂತೆ ಮಾಡಲು ಎಲ್ಲರೂ ಆಡುವ ಮಾತು. ಫೋನಿನಲ್ಲಿ ನಮ್ಮವ್ವ ದಿನಾ ನನಗೆ ಹತ್ತು ಸಲ ಮತ್ತ ಅನ್ನುತ್ತಾಳೆ, ನಾನು ಮತ್ತೇನಿಲ್ಲ ಎಂದು ಕಟ್ ಮಾಡುತ್ತೇನೆ. ಮೂವತ್ತು ವರ್ಷದ ಅನುಭವವೆಂದು ಇವರು ಹೇಳಿಕೊಟ್ಟದ್ದು ಇಷ್ಟೇನಾ ಎಂದು ನನಗೆ ನಗು ಬಂತು.

ಆಯಿ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕುಂತಿದ್ದಳು. ಮಾಸ್ತರರು ದೂರದಿಂದಲೇ ಕೈಮುಗಿದು ಬೇವಿನ ನೆರಳಿಗೆ ಹೋದರು. ನಾನು ಒಳಗೆ ಹೋಗಿ ಕೌದಿಯ ಅಂಚಿಗೆ ಕುಂತೆ. ಆರಾಮ ಅದೀಯೇನು ಆಯಿ ಎಂದೆ. “ಆರಾಮ ಅದೀನವಾ. ಇವತ್ತ ಜೀಪ್ ತಂದಿಲ್ಲ?” ಎಂದಳು. ಸೊಸೆಯನ್ನು ಕೂಗಿ ಚಹಾ ಇಡಿಸಿದಳು. ನಾನು ಒಲ್ಲೆ ಎನ್ನಲಿಲ್ಲ.

“ಮತ್ತ ಆಯಿ?”

“ಮತ್ತೇನೈತವಾ. ನಡದೈತಿ.”

ನಾನು ಸುಮ್ಮನೆ ಕುಂತೆ. ಸುಮ್ಮನೆ ಕೂಡುವುದು ಅಷ್ಟು ತ್ರಾಸಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಮೊಬೈಲ್ ತೆಗೆಯಲು ಎರಡು ಸಲ ಕೈ ಹೋಯಿತು. ಚಹಾ ಬಂತು, ಬಸಿಗೆ ಸುರುವಿಕೊಂಡೆ, ಅರ್ಧ ಸೀರೆಯ ಮೇಲೆ ಚೆಲ್ಲಿದೆ. ಆಯಿ ನಕ್ಕು ತನ್ನ ಸೆರಗಿನಿಂದಲೇ ಒರೆಸಿದಳು.

“ಮತ್ತ?”

ಎಮ್ಮೆ ಹಾಲು ಕಡಿಮೆ ಮಾಡಿದ್ದು, ಸೊಸೆ ಚಲೋ ಇದ್ದಾಳೆ ಆದರೆ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕುತ್ತಾಳೆ ಎಂಬುದು, ಈಗ ಹೊಲಿಯುತ್ತಿರುವ ಕೌದಿ ಮೊಮ್ಮಗಳ ಬಾಣಂತನಕ್ಕೆ ಎಂಬುದು, ಎಲ್ಲ ಬಂತು. ಅರ್ಧ ತಾಸು ಆಗಿರಬೇಕು. ನನಗೆ ಆ ಕೌದಿಯ ಒಂದೊಂದು ತುಂಡು ಬಟ್ಟೆಯ ಕತೆಯೂ ಬಾಯಿಪಾಠವಾಯಿತು.

“ಮತ್ತ ಆಯಿ?” ಎಂದೆ ಮೂರನೆಯ ಸಲ. ಈ ಸಲ ಮಾಸ್ತರರು ಹೇಳಿಕೊಟ್ಟದ್ದಕ್ಕೆ ಕೇಳಲಿಲ್ಲ, ತಾನಾಗಿಯೇ ಬಾಯಿಗೆ ಬಂತು.

ಆಯಿ ಸೂಜಿಯನ್ನು ಕೌದಿಗೆ ಚುಚ್ಚಿ ಇಟ್ಟಳು. “ಮತ್ತೇನವಾ, ಅಡ್ಡಾದ್ರ ಎದಿ ಮ್ಯಾಲ ಬೀಸೂ ಕಲ್ಲು ಇಟ್ಟಂಗ ಆಗತೈತಿ. ಗ್ವಾಡಿಗಿ ಆನಿಕೊಂಡು ಕೂಡತೇನಿ. ಈ ಕೌದಿ ಮುಗಿಯೂತನಕ ಇರತೇನೋ ಇಲ್ಲೋ ಅಂತ ಅನಸತೈತಿ” ಎಂದಳು.

“ಅಲ್ಲ ಆಯಿ, ಅವತ್ತು ಕೇಳಿದಾಗ ಏನಿಲ್ಲ ಅಂದೆಲ್ಲ?”

“ನೀ ಜೀಪಿನ್ಯಾಗ ಬಂದಿದ್ದಿ, ಬಿಸಲಾಗ ನಿಂತಿದ್ದಿ, ಒಂದ ಗುಟುಕು ನೀರ ಕುಡೀಲಿಲ್ಲ. ಮನಿಗಿ ಬಂದಾವ್ರ ಮುಂದ ಜಡ್ಡು ಹೇಳಿ ಅವರ ಜೀವಕ್ಯಾಕ ತ್ರಾಸ ಕೊಡೂದು? ಆರಾಮ ಅಂದ್ರ ನೀನೂ ಆರಾಮ ಹೋಗತಿ.”

ನಾನು ಹೊರಗೆ ಬಂದೆ. ಮಾಸ್ತರರು ಕಟ್ಟೆಯ ಮೇಲೆ ಕೊಡೆ ಊರಿಕೊಂಡು ಕುಂತಿದ್ದರು. ಏನಂದಳು ಎಂದು ಕೇಳಲಿಲ್ಲ. ನನ್ನ ಸೀರೆಯ ಮೇಲಿನ ಚಹಾದ ಕಲೆ ನೋಡಿ, “ಆತು ಬಿಡ್ರಿ, ಫಾರ್ಮು ತುಂಬೇತಿ” ಎಂದರು. ಆಯಿಯನ್ನು ರಾಮದುರ್ಗದ ದವಾಖಾನೆಗೆ ಕರೆದೊಯ್ಯಲು ಮಗನಿಗೆ ಹೇಳಿ ಒಪ್ಪಿಸಿದೆವು. ಗುಳಿಗೆ ಸುರುವಾದವು. ಆ ಕೌದಿ ಮುಗಿದು, ಇನ್ನೂ ಮೂರು ಕೌದಿ ಮುಗಿದವು.

ಅವತ್ತೇ ಸಂಜೆ ನಾನು ವರದಿ ಹಿಂದಕ್ಕೆ ತೆಗೆದುಕೊಂಡೆ. ದೊಡ್ಡ ಸಾಹೇಬರು ಎಲ್ಲ ಕೇಳಿ, ಗಲ್ಲಕ್ಕೆ ಕೈ ಹಚ್ಚಿ, “ಹಾಗಾದರೆ ಉಳಿದವರ ಫಾರ್ಮಿನಲ್ಲಿ ಊರಿಗೆ ಊರೇ ಆರಾಮ ಅಂತ ಇದೆಯಲ್ಲ, ಅವೆಲ್ಲ ಏನು?” ಎಂದು ಕೇಳಿದರು. ಆ ಹೊತ್ತಿಗೆ ಕೆಳಗಿನ ಅಂಗಡಿಯಿಂದ ಚಹಾ ಬಂತು, ಎಲ್ಲರೂ ಅದರ ಮೇಲೆ ಬಿದ್ದೆವು. ಮಾಸ್ತರರ ನೋಟಿಸು ರದ್ದಾಯಿತು, ಫಾರ್ಮುಗಳು ಉಳಿದವು. ನಾನು ಅವರಿಗೆ ತಪ್ಪಾಯಿತು ಎನ್ನಬೇಕಿತ್ತು. ಆ ಶಬ್ದ ಬಾಯಿಗೆ ಬರಲಿಲ್ಲ. “ಬರ್ತೀನ್ರಿ ಮಾಸ್ತರ” ಎಂದು ಹೇಳಿ ಮೆಟ್ಟಿಲು ಇಳಿದೆ.

ಅದಾಗಿ ಒಂದು ವಾರಕ್ಕೆ ಹೊಸ ಮನೆಗಳ ಪಟ್ಟಿ ಬಂತು. ಕಂಪ್ಯೂಟರ್ ಕಣ್ಣು ಮುಚ್ಚಿ ಆರಿಸಿದ ಮನೆಗಳಲ್ಲಿ ಮಾಸ್ತರರದೇ ಮನೆ! ತಮ್ಮ ಮನೆಯ ಫಾರ್ಮು ತಾವೇ ತುಂಬುವಂತಿಲ್ಲ ಎಂಬ ನಿಯಮ. ನಾನೇ ಹೋದೆ, ಬಸ್ಸಿನಲ್ಲಿ.

ಮಾಸ್ತರರು ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುಮಗನ ಹಾಗೆ ಕುಂತಿದ್ದರು. ನಾಲ್ಕೂ ತಾಲೂಕಿನ ಖರೇ ಸಂಗತಿಯನ್ನು ಹೊರಗೆ ತೆಗೆದ ಆ ಮನುಷ್ಯ ನನ್ನ ಎದುರಿಗೆ ಕುಂತು ಸುರುಮಾಡಿದರು ನೋಡಿ, ಒಂದರ ಮೇಲೊಂದು ಸುಳ್ಳು!

“ಆರೋಗ್ಯ?”

“ಆರಾಮ.”

“ದಿನಕ್ಕ ಎಷ್ಟ ಚಹಾ?”

“ಎರಡ್ರಿ.”

ಅಡುಗೆಮನೆಯಿಂದ ಅವರ ಮನೆಯವರು, “ಮನ್ಯಾಗ ಎರಡು! ಊರಾಗಿಂದು ಹೇಳ್ರಿ!” ಎಂದು ಕೂಗಿದರು.

“ಕಣ್ಣು?”

“ಚಲೋ ಕಾಣತಾವು.”

“ನಿನ್ನಿ ಉಪ್ಪಂತ ಸೋಡಾ ಹಾಕ್ಕೊಂಡ್ರು!” ಎಂದು ಮತ್ತೆ ಒಳಗಿನಿಂದ.

ಮಾಸ್ತರರು ನನ್ನ ಕಡೆ ಬಾಗಿ, “ಬಾಯಾರ, ಮನಿ ಮಂದಿ ಹೇಳಿದ್ದು ಬರಕೋಬಾರದು ಅಂತ ನಿಯಮ ಐತಿ” ಎಂದರು. ಅಂಥ ನಿಯಮ ಇರಲಿಲ್ಲ. ಏಣಿಯ ಚಿತ್ರ ತೋರಿಸಿದೆ. ನಾಲ್ಕು ತಾಲೂಕಿಗೆ ಅದನ್ನು ತೋರಿಸಿ ಬಂದವರು ಈಗ ತಾವೇ ನೋಡುತ್ತ ಭಾಳ ಹೊತ್ತು ಕುಂತರು. “ಏಳು ಹಾಕ್ರಿ. ಹೆಚ್ಚ ಹೇಳಿದ್ರ ದೃಷ್ಟಿ ಆಗತೈತಿ” ಎಂದರು.

ಕೊನೆಗೆ ನಿದ್ದೆಯ ಪ್ರಶ್ನೆ ಬಂತು. ‘ಕಳೆದ ಒಂದು ತಿಂಗಳಲ್ಲಿ ಸರಿಯಾಗಿ ನಿದ್ದೆ ಬಾರದ ರಾತ್ರಿಗಳೆಷ್ಟು?’

“ಒಂದೂ ಇಲ್ರಿ. ಹಾಸಗಿ ಕಂಡ್ರ ಸಾಕು.”

ಈ ಸಲ ಒಳಗಿನಿಂದ ಕೂಗು ಬರಲಿಲ್ಲ. ಪಾತ್ರೆಯ ಸಪ್ಪಳವೂ ನಿಂತಿತು. ನಾನು ಟ್ಯಾಬನ್ನು ಬೋರಲು ಹಾಕಿದೆ. ಚಹಾ ಕುಡಿದೆ. “ಮತ್ತ ಮಾಸ್ತರ?” ಎಂದೆ.

ಅವರು ನಕ್ಕರು. “ನನಗ ಮತ್ತ ಅಂತೀರೇನ್ರಿ ಬಾಯಾರ?” ಎಂದರು. ನಾನು ಸುಮ್ಮನೆ ಕುಂತೆ. ಈಗ ನನಗೆ ಅದು ಬರುತ್ತಿತ್ತು. ಎರಡನೆಯ ಮತ್ತಕ್ಕೆ ಮಗನ ಟೇಲರ್ ಅಂಗಡಿಯ ಸುದ್ದಿ ಹೇಳಿದರು, ದರ್ಜಿಗೆ ಅಳತೆ ಬರೆದುಕೊಟ್ಟ ಕಿತ್ತೂರಿನ ಸುದ್ದಿ ತೆಗೆದು ನಗಿಸಿದರು. ನಾನು ನಕ್ಕೆ. ನಕ್ಕು ಮುಗಿದ ಮೇಲೆ ಮೂರನೆಯ ಸಲ ಕೇಳಿದೆ.

ಅವರು ಜೇಬಿನಿಂದ ಶಾಯಿ ಇಲ್ಲದ ಪೆನ್ನು ತೆಗೆದು, ಅದರ ಟೋಪಿ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು.

“ಹನ್ನೊಂದು ರಾತ್ರಿರಿ” ಎಂದರು. “ಮಂದಿ ನನ್ನ ಬಡವ ಅಂದಾರ, ನಿಧಾನ ಅಂದಾರ, ಚಾ ಕುಡಿಯೂ ಮಾಸ್ತರ ಅಂದಾರ. ಸುಳ್ಳ ಬರದಾನ ಅಂತ ಮೂವತ್ತು ವರ್ಷದಾಗ ಯಾರೂ ಅಂದಿರಲಿಲ್ರಿ. ಅದನ್ನ ಕಾಗದದ ಮ್ಯಾಲ ಓದಿದಮ್ಯಾಲ ಕಣ್ಣ ಮುಚ್ಚಲೇ ಇಲ್ಲ. ನೀವು ಕೆಳಗ ಗೆರಿ ಬ್ಯಾರೆ ಎಳದಿದ್ರಿ.”

ನಾನು ಬೆರಳು ಮಡಿಚಿ ಎಣಿಸಿದೆ. ನೋಟಿಸು ಬಂದ ಸೋಮವಾರದಿಂದ, ನಾನು ಆ ಕೆಲಸ ಈ ಕೆಲಸ ಎಂದು ಎಳೆದು ಕೊನೆಗೆ ಬಸ್ಸು ಹತ್ತಿದ ಶುಕ್ರವಾರದ ತನಕ ಸರಿಯಾಗಿ ಹನ್ನೊಂದು ರಾತ್ರಿ. ಅಷ್ಟೂ ರಾತ್ರಿ ನಾನು ಬೈಲಹೊಂಗಲದಲ್ಲಿ ಗೊರಕೆ ಹೊಡೆದಿದ್ದೆ. ನನಗೆ ಅಳು ಬಂತು. ಬಸಿ ಕೆಳಗಿಟ್ಟು, “ತಪ್ಪಾತ್ರಿ ಮಾಸ್ತರ” ಎಂದೆ. ಅವತ್ತು ಮೆಟ್ಟಿಲ ಮೇಲೆ ಬಾರದ ಮಾತು ಈಗ ಬಂತು.

“ಏ, ಬಿಡ್ರಿ, ಬಿಡ್ರಿ” ಎಂದು ಅವರೇ ಗಾಬರಿಯಾದರು. “ಪಾಟಿ ತಗೀರಿ. ಹನ್ನೊಂದು ಅಂತ ಹಾಕಬ್ಯಾಡ್ರಿ ಮತ್ತ. ಹಾಕಿದ್ರೂ ಕಾರಣದಾಗ ಸೆಕಿ ಅಂತ ಹಾಕ್ರಿ. ಈ ಸಲ ಸೆಕಿ ಭಾಳ ಇತ್ತು.”

ನಾನು ಹನ್ನೊಂದು ಎಂದೇ ಹಾಕಿದೆ. ಕಾರಣದ ಕಾಲಮ್ಮಿನಲ್ಲಿ ‘ಇತರೆ’ ಒತ್ತಿ, ‘ತಪಾಸಣಾಧಿಕಾರಿಯ ತಪ್ಪು ವರದಿ’ ಎಂದು ಬರೆದೆ. ಅವರು ಕನ್ನಡಕ ಏರಿಸಿ ಓದಿ, ಬೇಡ ಎಂದು ಕೈ ಮಾಡಿದರು. ನಾನು ಅವರೆದುರಿಗೇ ಕಳಿಸುವ ಗುಂಡಿ ಒತ್ತಿದೆ.

ನಾನು ತುಂಬಿದ ಫಾರ್ಮಿಗೂ ತಪಾಸಣೆ ತಪ್ಪಿದ್ದಲ್ಲವಲ್ಲ. ಹದಿನೈದು ದಿನ ಬಿಟ್ಟು ಬೇರೆ ವಿಭಾಗದ ತಪಾಸಣೆಯವನು ಫೋನು ಮಾಡಿದ. ಧ್ವನಿಯಲ್ಲಿ ನನ್ನ ಹಳೆಯ ಸೊಕ್ಕೆಲ್ಲ ಇತ್ತು.

“ಮೇಡಂ, ಆ ಮಾಸ್ತರರ ಮನೆಗೆ ಹೋಗಿದ್ದೆ. ನೀವು ಹನ್ನೊಂದು ರಾತ್ರಿ ನಿದ್ದೆ ಇಲ್ಲ ಅಂತ ಬರೆದೀರಿ. ಅವರು ಒಂದು ರಾತ್ರಿನೂ ನಿದ್ದೆಗೆಟ್ಟಿಲ್ಲ ಅಂತಾರೆ. ತಪಾಸಣಾಧಿಕಾರಿ ಏನಾದರೂ ತ್ರಾಸು ಕೊಟ್ಟರಾ ಅಂದರೆ, ಅಂಥಾ ಬಾಯಾರು ಜಿಲ್ಲಾದಾಗ ಇಲ್ಲ ಅಂತಾರೆ. ನಿಮ್ಮ ಫಾರ್ಮು ಕಾಲ್ಪನಿಕ ಅಂತ ವರದಿ ಬರೀಬೇಕಾಗ್ತದೆ. ನಿಮ್ಮ ಉತ್ತರ ಏನು?”

“ನೀವು ಅಲ್ಲಿ ಚಹಾ ಕುಡದ್ರೇನು?” ಎಂದೆ.

“ಕರೆದರು ಮೇಡಂ, ನಾನೇ ಒಲ್ಲೆ ಅಂದೆ. ಇನ್ನೂ ಆರು ಮನೆ ಇದ್ದವು.”

“ಹಂಗಾರ ಇನ್ನೊಮ್ಮೆ ಹೋಗ್ರಿ” ಎಂದೆ. ಅವನು ಹೋಗಲಿಲ್ಲ. ನನ್ನ ಮೇಲೆ ವರದಿ ಬಂತು, ನೋಟಿಸೂ ಬಂತು. ಮಾಸ್ತರರಿಗೆ ತಿಳಿದು ಕೊಡೆ ಹಿಡಿದು ಓಡಿಬಂದರು. ದೊಡ್ಡ ಸಾಹೇಬರ ಮುಂದೆ ನಿಂತು, “ಬಾಯಾರು ಬರದದ್ದು ಖರೇರಿ ಸಾಹೇಬ್ರ. ನಾನ ಸುಳ್ಳ ಹೇಳೇನಿ” ಎಂದು ತಾವೇ ಬರೆದು ಸಹಿ ಮಾಡಿಕೊಟ್ಟರು. ಮೂವತ್ತು ವರ್ಷದಲ್ಲಿ ಅವರು ತಮ್ಮ ಮೇಲೆ ತಾವೇ ಬರೆದುಕೊಂಡದ್ದು ಅದೊಂದೇ ಫಾರ್ಮು.

ಅಧ್ಯಯನ ಮುಗಿಯಿತು, ಆಫೀಸು ಮುಚ್ಚಿತು, ನಾನು ಬೇರೆ ಕೆಲಸಕ್ಕೆ ಹೋದೆ. ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದರು. ಆರಾಮ ಅದೀನಿ ಎಂದು ನಾನು ಹೇಳಿ ಸುಮ್ಮನಾದರೆ ಆ ಕಡೆಯಿಂದ ಅವರೂ ಸುಮ್ಮನೆ ಇರುತ್ತಿದ್ದರು. ಬಸಿಯಿಂದ ಚಹಾ ಎಳೆಯುವ ಸಪ್ಪಳ ಕೇಳುತ್ತಿತ್ತು. ನಾನು ಯಾರಿಗೂ ಹೇಳದ್ದನ್ನೆಲ್ಲ ಅವರಿಗೆ ಹೇಳಿದ್ದೇನೆ.

ಇವತ್ತು ಭಾನುವಾರ ಬೀದರಿನಿಂದ ಬೈಲಹೊಂಗಲಕ್ಕೆ ಬಂದಿಳಿದೆ. ನಾಳೆ ಬೆಳಗಿನ ರಾಮದುರ್ಗ ಬಸ್ಸಿಗೆ ಹೋಗುತ್ತಿದ್ದೇನೆ, ವಾಪಸು ಯಾವ ಬಸ್ಸಿಗೆ ಎಂದು ನೋಡಿಲ್ಲ. ಅವರ ಮನೆಯವರು ಫೋನಿನಲ್ಲಿ ಆರಾಮ ಅದೀನಿ ಎಂದಿದ್ದಾರೆ.